ಫೋನಿನಲ್ಲಿ ಕೇಳಿದ ಹೆಸರು

ನಂದೀಶ,

ವೀಸಾ ಆಫೀಸಂತೆ, ಯಾರೋ ಫೋನ್ ಮಾಡಿದ್ದ. "ಮೇಲಿನ ರೂಮಿನ ಮಣಿ ಪಾಸ್‌ಪೋರ್ಟು, ದುಡ್ಡು ತಗೊಂಡು ವಿ.ವಿ. ಪುರಂಗೆ ಬರ್ಲಿ. ಇಲ್ದಿದ್ರೆ ಕೀನ್ಯಾಗೆ ವಾಪಸ್ ಕಳಿಸ್ತೀವಿ" ಅಂದ. ಪಾಪ, ಹುಡುಗ ಹೆದರಿ ಬಟ್ಟೆ ತುಂಬಿಕೊಳ್ಳುತ್ತಿದ್ದಾನೆ. ನಾನು ಅವನ ಕಾಲೇಜಿನಲ್ಲಿ ವಿಚಾರಿಸಿಕೊಂಡು ಬರುತ್ತೇನೆ. ಅಲ್ಲಿಯವರೆಗೆ ಅವನನ್ನು ಹೊರಗೆ ಬಿಡಬೇಡ. ಸಾರು ಬಿಸಿ ಮಾಡಿ ಬಡಿಸು, ನೀನೇ ಖಾಲಿ ಮಾಡಬೇಡ.

ಮತ್ತೆ ಫೋನ್ ಬಂದರೆ ಪಾಸ್‌ಪೋರ್ಟಿನಲ್ಲಿರುವ ಹೆಸರು ಕೇಳು. ತಡವರಿಸುತ್ತಾನೆ, ನೋಡು. ಅದರಲ್ಲಿರುವುದು ಇಮ್ಯಾನುಯೆಲ್. ಮಣಿ ಅಂತ ಹೆಸರಿಟ್ಟವನು ನೀನು. ನಮ್ಮ ಬೀದಿ ದಾಟಿದರೆ ಆ ಹೆಸರು ಯಾರಿಗೂ ಗೊತ್ತಿಲ್ಲ. ಹಾಗಾದರೆ ಫೋನ್ ಮಾಡಿದವನು ಯಾರ ಮನೆಯವನೋ? ದನಿ ಸರಿಯಾಗಿ ಕೇಳಿಸಿಕೋ.

ಮಣಿಗೆ ಮಾತ್ರ ಈಗಲೇ ಹೇಳಬೇಡ. ಬೀದಿಯವರೆಲ್ಲ ತನ್ನವರು ಅಂದುಕೊಂಡಿದ್ದಾನೆ.

ಅಮ್ಮ