ಸಾಕ್ಷಿ ಹೇಳಿದ ಮೇಲೆ

ಬಾಗೂರು
18 ನವೆಂಬರ್ 2024

ಪ್ರೀತಿಯ ತಮ್ಮ ಧರ್ಮು,

ನೀನು, ಪ್ರತಿಭಾ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಪ್ರಭುವಿನ ಕೃಪೆಯಿಂದ ನಾನೂ ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಬಸ್ಸು ಹತ್ತುವಾಗ ಒಂದು ಮಾತು, ಇಳಿಯುವಾಗ ಇನ್ನೊಂದು ಮಾತು ಹೇಳುತ್ತದೆ. ಪ್ರತಿಭಾ ಕಳಿಸಿದ ಎಣ್ಣೆ ಹಚ್ಚುತ್ತಿದ್ದೇನೆ, ಅವಳಿಗೆ ಹೇಳು.

ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕೋಪದಲ್ಲಿ ಬರೆದದ್ದನ್ನು ಎರಡು ಸಲ ಹರಿದು ಹಾಕಿದೆ. ಇದೂ ಕೋಪದಲ್ಲೇ ಬರೆದದ್ದು, ಆದರೆ ಇದನ್ನು ಹರಿಯುವುದಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಮಾಡಿದಾಗಲೆಲ್ಲ "ಅಕ್ಕಾ, ಕೂಟದಲ್ಲಿದ್ದೀನಿ" ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ನೀನು ಹಾಗೆ ಹೇಳಿ ತಪ್ಪಿಸಿಕೊಳ್ಳಲಾರೆ.

ನಿನ್ನ ಸಭೆಯ ವಿಡಿಯೊ ಕೆಲಸ ನೋಡುವ ಶಶಿಕಿರಣ್ ಬಂದು, ಪಾಸ್ಟರ್ ಆಜ್ಞೆ ಅಂತ ನಿನ್ನ ಮಾತು ಮುಟ್ಟಿಸಿದ. ಬರುವ ಭಾನುವಾರ ನಾನು ಹಾಸನಕ್ಕೆ ಬಂದು, ಸಭೆಯ ಮುಂದೆ ನಿಂತು, ನನ್ನ ನಂಬಿಕೆ ಸಡಿಲವಾಗಿತ್ತು, ತಪ್ಪಾಯಿತು ಅನ್ನಬೇಕಂತೆ. ಇಲ್ಲವಾದರೆ ಇಲ್ಲಿನ ಪ್ರಾರ್ಥನಾ ಮಂದಿರದ ಬೀಗದ ಕೈಯನ್ನು ಹಿರಿಯರಾದ ಸಿದ್ದೇಶ್ವರ ಅವರಿಗೆ ಒಪ್ಪಿಸಬೇಕಂತೆ, ಸೇವಕಿ ಅಂತ ಯಾರ ಮನೆಗೂ ಹೋಗಬಾರದಂತೆ. ಪಾಪ, ಶಶಿಕಿರಣ್ ತಲೆ ಬಗ್ಗಿಸಿಕೊಂಡೇ ಹೇಳಿದ. ಕಾಫಿ ಕುಡಿಸಿ ಕಳಿಸಿದೆ.

ಕಡ್ಡಿ ಮುರಿದ ಹಾಗೆ ಹೇಳುತ್ತೇನೆ ಕೇಳು. ತಪ್ಪಾಯಿತು ಅನ್ನುವುದಿಲ್ಲ. ಬೀಗದ ಕೈ ಕೊಡುವುದಿಲ್ಲ. ಈ ಮಂದಿರದ ಗೋಡೆಗೆ ಇಟ್ಟಿಗೆ ಹೊತ್ತವರು ನಿನ್ನ ಭಾವ. ಉಪದೇಶಿ ಎಂದು ಕುರ್ಚಿಯಲ್ಲಿ ಕೂತವರಲ್ಲ. ಅವರು ಹೋದ ಮೇಲೆ ಬಾಗಿಲು ತೆಗೆದು, ಕಸ ಗುಡಿಸಿ, ಚಾಪೆ ಹಾಸಿ ಈ ಸಭೆ ಉಳಿಸಿದವಳು ನಾನು. ಇನ್ನು ಯಾರ ಮನೆಗೆ ಹೋಗಬೇಕು, ಹೋಗಬಾರದು ಅನ್ನುವುದನ್ನು ನನಗೆ ಯಾವ ಹಿರಿಯರೂ ಹೇಳಬೇಕಾಗಿಲ್ಲ.

ನಾನು ಮಾಡಿದ್ದೇನು? ನಿನ್ನ ಕಿವಿಗೆ ಹೇಗೆ ಬಿದ್ದಿದೆಯೋ, ಮೊದಲಿಂದ ಹೇಳುತ್ತೇನೆ.

ಆಗಸ್ಟ್‌ನಲ್ಲಿ ನಮ್ಮ ಹಿಂದಿನ ಬೀದಿಯ ದ್ಯಾವಯ್ಯನ ಹೆಂಡತಿ ಲಕ್ಷ್ಮಿದೇವಮ್ಮ ಕೆಮ್ಮಿ ಕೆಮ್ಮಿ ರಕ್ತ ಕಾರಿಕೊಂಡಳು. ಕೈಕಾಲು ಒಣಗಿದ ಸೌದೆಯಾಗಿತ್ತು. ಬೀದಿಯವರು ಅವಳ ಹೊಸಲು ದಾಟುವುದನ್ನೇ ಬಿಟ್ಟಿದ್ದರು. ನಾನು ರಟ್ಟೆ ಹಿಡಿದು ಬಸ್ಸು ಹತ್ತಿಸಿ ಚನ್ನರಾಯಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಟಿ.ಬಿ. ಅಂದರು. ಆರು ತಿಂಗಳು ಮಾತ್ರೆ, ಒಂದು ದಿನವೂ ತಪ್ಪಿಸಬಾರದು, ನಡುವೆ ಬಿಟ್ಟರೆ ಕಾಯಿಲೆ ತಿರುಗಿ ಬರುತ್ತದೆ, ಆಮೇಲೆ ಈ ಮಾತ್ರೆಗೂ ಬಗ್ಗುವುದಿಲ್ಲ ಎಂದು ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು.

ದಿನಾ ಬೆಳಿಗ್ಗೆ ಹೋಗಿ, ಎದುರಿಗೆ ನಿಂತು ಮಾತ್ರೆ ನುಂಗಿಸಿದೆ. ಅವಳು ಕಫ ಒರೆಸಿಕೊಂಡ ಬಟ್ಟೆ ಕುದಿಸಿ ಒಗೆದೆ. ಊರಿನ ನಾಲ್ಕು ಜನ ಗಂಡಸರು ಬಂದು, "ಏನಮ್ಮಾ, ಜಾತಿ ಕೆಡುಸೋಕೆ ಬತ್ತೀಯಾ ಇಲ್ಲಿಗೆ?" ಎಂದು ಅಡ್ಡ ನಿಂತರು. "ಬನ್ನಿ ಸ್ವಾಮಿ, ಈ ಬಟ್ಟೆ ನೀವು ಒಗೀರಿ, ನಾನು ಮನೆಗೆ ಹೋಗ್ತೀನಿ" ಎಂದು ಬಕೆಟ್ಟು ಮುಂದಿಟ್ಟೆ. ಒಬ್ಬನೂ ನಿಲ್ಲಲಿಲ್ಲ! ಹೊರಗಿನವರಿಗೆ ಹೆದರದವಳು ನಿನ್ನ ಸಿದ್ದೇಶ್ವರ ಅವರಿಗೆ ಹೆದರುತ್ತೇನೆಯೇ?

ಎರಡು ತಿಂಗಳಿಗೆ ಅವಳ ಮುಖಕ್ಕೆ ಕಳೆ ಬಂತು. ಕಳೆ ಕೀಳಲು ಹೊಲಕ್ಕೂ ಹೊರಟಳು. ಒಂದು ದಿನ ಅವಳಾಗಿಯೇ, "ಪ್ರೇಮಕ್ಕ, ನಿಮ್ ದೇವ್ರತ್ರ ನಂದೂ ಒಂದ್ ಮಾತು ಏಳ್ತೀನಿ, ಕರ್ಕಂಡೋಗಿ" ಎಂದು ಪ್ರಾರ್ಥನೆಗೆ ಬಂದಳು. ನಾನು ಕರೆದದ್ದಲ್ಲ. ಅವತ್ತೇ ನೀನೂ ಬಂದಿದ್ದೆ. ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ, ಅತ್ತೆ. ನಾನೂ ಅತ್ತೆ ಕಣೋ. ಆ ಪ್ರಾರ್ಥನೆ ಸುಳ್ಳು ಅಂತ ನಾನು ಯಾವತ್ತೂ ಅಂದಿಲ್ಲ, ಅನ್ನುವುದೂ ಇಲ್ಲ.

ಆಮೇಲೆ ನೀನು ಅವಳನ್ನು ಹಾಸನದ ಉಜ್ಜೀವನ ಕೂಟಕ್ಕೆ ಕರೆಸಿಕೊಂಡೆ. ಪ್ರತಿಭಾ ಹೊಸ ಸೀರೆ ಉಡಿಸಿದಳು. ಹುಟ್ಟಿದಾಗಿನಿಂದ ಯಾರೂ ಕುರ್ಚಿ ಕೊಡದ ಹೆಂಗಸನ್ನು ವೇದಿಕೆಯ ಮೇಲೆ ಕೂರಿಸಿದಿರಿ, ಅದು ಸಂತೋಷವೇ. ಅವಳು ಮೈಕಿನ ಮುಂದೆ ಸಾಕ್ಷಿ ಹೇಳಲು ನಿಂತು, "ಯೇಸಪ್ಪ ನನ್ನ ವಾಸಿ ಮಾಡ್ದ" ಅಂದಳು. ಅಷ್ಟೇ ಅಂದಳು, ಅದು ನಿಜವೇ. ನೀನು ಮೈಕು ಕಿತ್ತುಕೊಂಡು, "ಮಾತ್ರೆಯಿಲ್ಲ! ಡಾಕ್ಟರಿಲ್ಲ! ಬರೀ ಪ್ರಾರ್ಥನೆ!" ಎಂದು ಕೂಗಿದೆ. ಜನ ಹಲ್ಲೆಲೂಯಾ ಅಂದರು. ಶಶಿಕಿರಣ್ ತೆಗೆದ ವಿಡಿಯೊ ಹೊಳೆನರಸೀಪುರ, ಅರಕಲಗೂಡು ಎಲ್ಲ ಸುತ್ತಿ ಬಂದು ನನ್ನ ಫೋನಿಗೂ ಬಿತ್ತು.

ಕೂಟದ ಮಾರನೆಯ ಬೆಳಿಗ್ಗೆ ಮಾತ್ರೆ ತೆಗೆದುಕೊಂಡು ಹೋದರೆ ಲಕ್ಷ್ಮಿದೇವಮ್ಮ ಬಾಯಿ ಬಿಗಿದು ಕೂತಳು.

"ಬ್ಯಾಡ ಕಣಕ್ಕ. ಅಷ್ಟ್ ಜನದ್ ಮುಂದೆ ವಾಸಿ ಆಯ್ತು ಅಂತ ಏಳ್ಬುಟ್ಟು ಈಗ ಮಾತ್ರೆ ನುಂಗುದ್ರೆ, ಪಾಸ್ಟ್ರನ್ನ ಸುಳ್ಳ ಮಾಡ್ದಂಗಾಗಲ್ವಾ? ನನ್ನ ಕುರ್ಚಿ ಮ್ಯಾಲೆ ಕೂರ್ಸಿದ್ ಮನ್ಸ ಅವ್ರು."

"ಅವನು ನನ್ನ ತಮ್ಮ ಕಣೇ, ನಾನು ಹೇಳ್ತಿದ್ದೀನಿ, ನುಂಗು" ಅಂದೆ.

"ಅವರೇ ಬಂದು ಏಳ್ಲಿ, ನುಂಗ್ತೀನಿ."

ದ್ಯಾವಯ್ಯ ನನ್ನ ಮೇಲೇ ತಿರುಗಿಬಿದ್ದ. "ನಾನು ಏಳುದ್ರೆ ಕೇಳಕ್ಕಿಲ್ಲ, ನೀವು ಏಳುದ್ರೆ ಕೇಳಕ್ಕಿಲ್ಲ, ನಿಮ್ ತಮ್ಮಯ್ಯನ್ ಮಾತೊಂದೇ ವೇದ! ನಂಗೆ ಎಂಡ್ತಿ ಬೇಕು ಕಣಮ್ಮ, ಸಾಕ್ಷಿ ಕಟ್ಕಂಡ್ ಏನ್ ಮಾಡ್ಲಿ?" ಅಂದ. ಅಟ್ಟ ಹತ್ತಿಸಿ ಏಣಿ ತೆಗೆದುಬಿಟ್ಟಿರಲ್ಲೋ ಆ ಹೆಣ್ಣಿಗೆ.

ನಿನಗೆ ಫೋನ್ ಮಾಡಿದೆ. ನೀನು ಕೂಟದಲ್ಲಿದ್ದೆ. ಮತ್ತೆ ಮಾಡಿದೆ. ಮತ್ತೂ ಕೂಟದಲ್ಲೇ ಇದ್ದೆ. ಕೊನೆಗೆ ನೀನು ಬಾಗೂರಿಗೆ ಬಂದ ದಿನ, ಯಾರಾದರೂ ಸಾಕ್ಷಿ ಹೇಳುವವರಿದ್ದೀರಾ ಎಂದು ಕೇಳಿದಾಗ ನಾನೇ ಎದ್ದು ನಿಂತೆ. ಏನಂದೆ? "ಪ್ರಭು ಲಕ್ಷ್ಮಿದೇವಮ್ಮನನ್ನು ವಾಸಿ ಮಾಡುತ್ತಿದ್ದಾನೆ. ಮಾತ್ರೆಯನ್ನೂ ಅವನೇ ಕೊಟ್ಟ, ಡಾಕ್ಟರಮ್ಮನನ್ನೂ ಅವನೇ ಕೂರಿಸಿದ. ಅವನ ಕೆಲಸ ಇನ್ನೂ ಮುಗಿದಿಲ್ಲ, ನಡುವೆ ನಿಲ್ಲಿಸಿದವರು ನಾವು" ಅಂದೆ. ಇಷ್ಟೇ. ಸಿದ್ದೇಶ್ವರ ಅವರು ಮೈಕು ಆರಿಸಿದರು. ನನ್ನ ಗಂಟಲಿಗೆ ಮೈಕು ಯಾಕೆ? ಉಳಿದದ್ದನ್ನು ಹಾಗೇ ಹೇಳಿದೆ. ಅಕ್ಕನಿಂದ ಅವಮಾನವಾಯಿತು ಎಂದು ನೀನು ಊಟವನ್ನೂ ಮಾಡದೆ ಕಾರು ಹತ್ತಿದೆ. ಕೋಳಿ ಸಾರು ಮಾಡಿದ್ದೆ, ಬೀದಿಯವರಿಗೆ ಹಂಚಿದೆ.

ನನ್ನ ನಂಬಿಕೆ ಸಡಿಲವಂತೆ! ಯಾವ ಬಾಯಲ್ಲಿ ಹೇಳಿ ಕಳಿಸಿದೆಯೋ? ಆಸ್ಪತ್ರೆಯ ಸಾಲಿನಲ್ಲಿ ಅವಳ ಬೆನ್ನು ಸವರುತ್ತ ನಾನು ಪ್ರಾರ್ಥನೆ ಬಿಟ್ಟು ಇನ್ನೇನು ಮಾಡುತ್ತಿದ್ದೆ ಅಂದುಕೊಂಡಿದ್ದೀಯ? ನೀನು ಕಣ್ಣು ಮುಚ್ಚಿ ಮಾಡುತ್ತೀಯ, ನಾನು ಕಣ್ಣು ಬಿಟ್ಟುಕೊಂಡು ಮಾಡುತ್ತೇನೆ. ಸೇವೆ ಅಂದರೆ ಜನ ನಮ್ಮನ್ನು ನೋಡುವುದಲ್ಲ ಧರ್ಮು, ನಾವು ಜನರನ್ನು ನೋಡುವುದು. ಲಕ್ಷ್ಮಿದೇವಮ್ಮ ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಬರುವುದನ್ನು ಬಿಟ್ಟು ಮತ್ತೆ ತನ್ನ ಮಾರಮ್ಮನಿಗೆ ಕೈ ಮುಗಿದರೂ ನಾನು ಅವಳ ಮನೆಗೆ ಹೋಗುವುದನ್ನು ನಿಲ್ಲಿಸುವುದಿಲ್ಲ. ಪ್ರಭು ನನ್ನನ್ನು ಕೇಳುವುದು ಅವಳು ಯಾರ ಹೆಸರು ಹೇಳಿದಳು ಅಂತಲ್ಲ. ಅವಳಿಗೆ ಬಾಯಾರಿದಾಗ ನೀನು ಎಲ್ಲಿದ್ದೆ ಅಂತ. ಅವತ್ತು ಕೂಟದಲ್ಲಿದ್ದೆ ಅಂದರೆ ನಡೆಯುವುದಿಲ್ಲ.

ಈಗ ಅವಳು ಮಾತ್ರೆ ಬಿಟ್ಟು ಮೂರು ವಾರವಾಗುತ್ತ ಬಂತು. ಕೆಮ್ಮು ತಿರುಗಿ ಶುರುವಾಗಿದೆ. ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಾಳೆ, ಯಾರಿಗೂ ಕೇಳಬಾರದೆಂದು. ಡಾಕ್ಟರಮ್ಮನಿಗೆ ಹೇಳಿದ್ದೇನೆ. ತಡ ಮಾಡದೆ ಕರೆದುಕೊಂಡು ಬನ್ನಿ, ಪರೀಕ್ಷೆ ಮಾಡಿ ಮತ್ತೆ ಶುರು ಮಾಡೋಣ ಅಂದರು. ಅವಳು ಏಳುತ್ತಿಲ್ಲ. ನೀನು ಹೇಳಿದರೆ ಮಾತ್ರ ಏಳುತ್ತಾಳೆ.

ಆದ್ದರಿಂದ ನಾನು ಹಾಸನಕ್ಕೆ ಬರುವುದಿಲ್ಲ, ನೀನು ಬಾಗೂರಿಗೆ ಬಾ. ವಿಡಿಯೊ ಬೇಡ, ಮೈಕು ಬೇಡ, ಸಿದ್ದೇಶ್ವರ ಅವರೂ ಬೇಡ. ಅವಳ ಮನೆಯ ಜಗಲಿಯಲ್ಲಿ ಕೂತು, "ಮಾತ್ರೆ ತಗೊಳ್ಳಮ್ಮ, ನಾನು ಹೆಚ್ಚು ಮಾತಾಡಿಬಿಟ್ಟೆ" ಅನ್ನು. ನಿನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಜನ ನಗಬಹುದು. ನಗಲಿ ಬಿಡು, ನಕ್ಕವರ ಹಲ್ಲು ಕಾಣುತ್ತದೆ ಅಷ್ಟೇ. ನೀನು ಬರದಿದ್ದರೆ ಅವಳನ್ನು ಬೆನ್ನ ಮೇಲೆ ಹೊತ್ತಾದರೂ ಬಸ್ಸು ಹತ್ತಿಸುತ್ತೇನೆ, ಮಂಡಿ ಹೋದರೆ ಹೋಗಲಿ.

ಮಕ್ಕಳಿಗೆ ಅತ್ತೆಯ ಮುತ್ತು. ಪ್ರತಿಭಾಳ ಮೇಲೆ ನನಗೆ ಕೋಪವಿಲ್ಲ, ಸೀರೆ ಚೆನ್ನಾಗಿತ್ತು. ಪ್ರಭು ನಿನ್ನನ್ನು ಕಾಯಲಿ, ನಿನ್ನ ನಾಲಿಗೆಯನ್ನೂ ಕಾಯಲಿ.

ನಿನ್ನ ಅಕ್ಕ,
ಪ್ರೇಮಕುಮಾರಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಅವ್ವ ಹೇಗೆ ಹೋದಳು ಎಂದು ನೀನು ಇವತ್ತಿಗೂ ಕೇಳುತ್ತೀಯ, ನಾನು ವಯಸ್ಸಾಗಿತ್ತು ಬಿಡು ಅನ್ನುತ್ತೇನೆ. ನೀನು ಹಾಸನದ ಸಭೆ ಶುರು ಮಾಡಿದ ವರ್ಷ, ಮೊದಲ ಕೂಟದಲ್ಲಿ, ನನ್ನ ತಾಯಿಯ ಸಕ್ಕರೆ ಕಾಯಿಲೆಯನ್ನು ದೇವರು ತೆಗೆದುಹಾಕಿದ ಎಂದು ಸಾರಿದೆಯಲ್ಲ, ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು. ಮನೆಗೆ ಬಂದವಳು ಸೂಜಿ ಹಾಕಿಸಿಕೊಳ್ಳುವುದನ್ನೇ ಬಿಟ್ಟಳು. ನಾನು ಕೂಗಾಡಿದೆ, ಕಾಲು ಹಿಡಿದೆ. "ನನ್ ಮಗ ಅಷ್ಟ್ ಜನದ್ ಮುಂದೆ ಏಳವ್ನೆ. ಅವ್ನ್ ಮಾತು ಸುಳ್ಳಾಗ್ಬಾರ್ದು ಕಣವ್ವ. ಅವ್ನಿಗೆ ಏಳ್ಬ್ಯಾಡ" ಅಂದಳು. ನಿನ್ನನ್ನು ಕರೆಸಲೂ ಬಿಡಲಿಲ್ಲ. ಕೊನೆಯ ದಿನವೂ ಅದೇ ಮಾತು. ಒಂಬತ್ತು ವರ್ಷ ಅವಳ ಮಾತು ಉಳಿಸಿಕೊಂಡೆ, ಇವತ್ತು ಮುರಿದೆ. ಕ್ಷಮೆ ಕೇಳುವುದಿದ್ದರೆ ಅವ್ವನ ಹತ್ತಿರ ಕೇಳುತ್ತೇನೆ, ನಿನ್ನ ಸಭೆಯ ಹತ್ತಿರ ಅಲ್ಲ. ಅಳುವುದಿದ್ದರೆ ಆಮೇಲೆ ಇಬ್ಬರೂ ಕೂತು ಅಳೋಣ. ಲಕ್ಷ್ಮಿದೇವಮ್ಮ ಇನ್ನೂ ಇದ್ದಾಳೆ, ಮೊದಲು ಬಾ.