ಅಲ್ಪವಿರಾಮದ ಕೆಲಸ

೨೮ ಫೆಬ್ರವರಿ ೨೦೦೭, ಬುಧವಾರ

ನಮ್ಮ ಯಾಷ್ ಊರಿನ ಹೆಸರಿಗೇ ಬೇಕಾದ, ನಮ್ಮ ಭಾಷೆಯ 'ಷ' ಅಕ್ಷರ ಇವತ್ತು ಕೊನೆಗೂ ಪ್ರೆಸ್ಸಿನ ಕಂಪ್ಯೂಟರಿಗೆ ಬಂತು. ರೋಮನ್ ಎಸ್ ಕೆಳಗೆ, ಅದಕ್ಕೆ ತಗುಲದೆ, ತುಸು ದೂರ ನಿಲ್ಲುವ ಅಲ್ಪವಿರಾಮ. ಇಷ್ಟು ವರ್ಷ ಆ ಯಂತ್ರ ಬರೀ ಎಸ್ ಕಾರುತ್ತಿತ್ತು, ಇಲ್ಲವೇ ತುರ್ಕಿಯವರ ಎಸ್‌ಗಿರುವ, ಅಕ್ಷರಕ್ಕೇ ಅಂಟಿದ ಬಾಲ ಎಳೆದು ತರುತ್ತಿತ್ತು. ಅದಕ್ಕೇ ಸಂಜೆ ಹೊತ್ತು ನಾನೂ, ಈ ಕೆಲಸಕ್ಕೆಂದೇ ಪ್ರೆಸ್ಸಿಗೆ ಬರುತ್ತಿದ್ದ ಪ್ರೊಫಿರಾಳೂ ಎದುರುಬದುರು ಕೂತು, ಅಚ್ಚಾದ ಮದುವೆ ಕಾರ್ಡುಗಳಿಗೆ ಪೆನ್ನಿನಲ್ಲಿ ಬಾಲ ಬರೆಯುತ್ತಿದ್ದೆವು. ಊರಿನ ಮದುವೆಗಳೆಲ್ಲ ನಮ್ಮಿಬ್ಬರ ಕೈಯಿಂದಲೇ ಆದವು, ನಮ್ಮದೊಂದು ಬಿಟ್ಟು.

ಹೊಸ ಅಕ್ಷರ ನೋಡಿ ಮಾಲೀಕ ಗವ್ರಿಲ್ ಕುಣಿದಾಡಿದ. ಪ್ರೊಫಿರಾ ಕನ್ನಡಕ ಮಡಚಿದಳು.

"ಕೊಸ್ತಾಕೆ ಸಾಹೇಬ್ರೇ, ಕಂಪ್ಯೂಟರ್ ತಾನೇ ಬಾಲ ಬಿಚ್ತಲ್ಲ! ಇನ್ನು ನಾನ್ಯಾಕೆ ಬರ್ಲಿ?"

"ಬಾಲ ಹಿಡಿಯೋಕೆ ಒಬ್ರು ಬೇಡ್ವಾ?" ಅಂದೆ.

"ಅದಕ್ಕೆ ನೀವಿದೀರಲ್ಲ. ಗವ್ರಿಲನದ್ದು ಹಿಡ್ಕೊಂಡೇ ಇದೀರಿ."

ಗವ್ರಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಕೋಟು ಹಾಕಿಕೊಂಡು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ನಾನು ಇನ್ನೊಂದು ನಗೆಮಾತು ಹುಡುಕುತ್ತಿದ್ದೆ. ಅದು ಸಿಗುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಆ ಖಾಲಿ ಕುರ್ಚಿ ಇನ್ನೂ ಕಣ್ಣಲ್ಲೇ ಇದೆ.

ನಾಳೆ ಮಾರ್ಚ್ ಒಂದು, ಗಂಡಸರು ಹೆಂಗಸರಿಗೆ ಕೆಂಪು-ಬಿಳಿ ದಾರ ಕೊಡುವ ದಿನ. ಪ್ರತಿವರ್ಷ ಪ್ರೆಸ್ಸಿನ ಹೆಂಗಸರಿಗೆಲ್ಲ ಹಂಚುವಾಗ ಅವಳಿಗೂ ಒಂದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಈ ಸಲ ಕೊಂಡಿದ್ದು ಒಂದೇ ದಾರ. ಅವಳ ಮನೆ ಟ್ರಾಮಿನ ಕೊನೇ ನಿಲ್ದಾಣದ ಎದುರಿಗಂತೆ. ಬೆಳಿಗ್ಗೆ ಅಲ್ಲಿಗೇ ಹೋಗುತ್ತೇನೆ. ಯಾವ ಜೋಕನ್ನೂ ಜೊತೆಗೆ ಒಯ್ಯಬಾರದು. ಬಾಗಿಲು ತೆಗೆದ ಕೂಡಲೇ ಹೇಳಿಬಿಡಬೇಕು, ಪ್ರೊಫಿರಾ, ಸಂಜೆಯಾದರೆ ನನಗೆ ಎದುರಿಗೆ ನೀವೇ ಬೇಕು, ಬಾಲ ಬರೆಯೋಕಲ್ಲ.