ಎರಡನೆಯ ಎಲೆ

ಜುಲೈ 24, ಗುರುವಾರ. ಪೆರ್ಲ.

ಆ ಎರಡನೆಯ ಎಲೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಇವತ್ತು ತೀರಿಹೋದವರಿಗೆ ಆಟಿ ತಿಂಗಳಲ್ಲಿ ಬಡಿಸುವ ದಿನ. ಅಮ್ಮ ಸತ್ತ ಮೇಲೆ ಈ ಮನೆಗೆ ಬಂದ ಚಿಕ್ಕಮ್ಮ, ತಾನು ಮುಖವೇ ನೋಡದ ಅಮ್ಮನಿಗೆ ಇಪ್ಪತ್ತೆರಡು ವರ್ಷದಿಂದ ಕೆಸುವಿನ ಪತ್ರೊಡೆ ಮಾಡಿ ಬಡಿಸುತ್ತಿದ್ದಾರೆ. ಯಾರು ಮಾಡುತ್ತಾರೆ ಹೀಗೆ? ಈ ಸಲ ಅಮ್ಮನ ಎಲೆಯ ಪಕ್ಕ ಇನ್ನೊಂದು ಹಾಕಿದರು. ಯಾರಿಗೆ ಎಂದು ಕೇಳಿದೆ. "ನನಗೆ. ಈಗಲೇ ಇಟ್ಟುಬಿಡ್ತೇನೆ," ಎಂದರು, ಉಪ್ಪು ಕೇಳಿದಷ್ಟು ಸಲೀಸಾಗಿ.

ಎರಡು ತಿಂಗಳಿಂದ ಅವರಿಗೆ ನಿದ್ದೆಯಿಲ್ಲ, ಮಾತೂ ಇಲ್ಲ. ಮನಸ್ಸಿನ ಡಾಕ್ಟರಿಗೆ ತೋರಿಸಬೇಕು ಎಂದು ಅಪ್ಪನಿಗೆ ಹೇಳಿಯೇಬಿಟ್ಟೆ. "ಅವಳಿಗೆ ಎಂತ ಹುಚ್ಚುಂಟಾ? ಮಲತಾಯಿ ಅಂತ ಹೀಗೆ ಹೇಳುದಾ ನೀನು?" ಎಂದು ರೇಗಿದರು. ದುಬೈಯಿಂದ ಫೋನಿನಲ್ಲಿ ನನ್ನ ತಮ್ಮ ಪ್ರವೀಣನದು ಬೇರೆ ರಾಗ: "ಜನ ಎಂತ ಹೇಳಿಯಾರು ಮಾರಾಯ್ತಿ!" ಇಬ್ಬರೂ ಹೇಡಿಗಳು.

ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. "ಅವಳು ಹೇಳುದು ಸರಿ ಉಂಟು. ನನಗೆ ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ಲಿಲ್ಲ. ನಾಳೆ ಕಾಸರಗೋಡಿಗೆ ಹೋಗುವ, ಡಾಕ್ಟರಿಗೆ ನಾನೇ ಹೇಳ್ತೇನೆ." ಅಪ್ಪ ತಲೆ ತಗ್ಗಿಸಿದರು.

ಆಮೇಲೆ ಆ ಎಲೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಊಟಕ್ಕೆ ಕೂತರು. ನಾನು ಬಡಿಸಿದೆ. ಇಷ್ಟು ವರ್ಷದಲ್ಲಿ ಅವರಿಗೆ ನಾನು ಬಡಿಸಿದ್ದು ಇದೇ ಮೊದಲು.